ಸ್ಕಾಲರ್‌ಶಿಪ್ ಬಂದರೂ ಸಾಲದು: ಕಾಲೇಜು ಖರ್ಚಿನ ಕೊರತೆ ತುಂಬಿಸುವುದು ಹೇಗೆ?

ಸರ್ಕಾರಿ ಸೀಟು ಸಿಕ್ಕಿತು ಅಂದರೆ ಓದು ಬಿಟ್ಟಿಯಾಯಿತು ಎಂದೇ ಊರಕಡೆ ಇವತ್ತಿಗೂ ನಂಬಿಕೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ‘ಸರ್ಕಾರಿ ಸೀಟು’ ಅಂದರೆ ಫೀಸು ಎಷ್ಟೆಂದು ಸರ್ಕಾರ ನಿಗದಿ ಮಾಡಿದೆ ಎಂದಷ್ಟೇ ಅರ್ಥ, ಕಟ್ಟಬೇಕಾದವರು ಮನೆಯವರೇ. ಅದರ ಮೇಲೆ ಕಾಲೇಜಿನ ಇತರೆ ಶುಲ್ಕ, ಪಿ.ಜಿ. ಬಾಡಿಗೆ, ಲ್ಯಾಪ್‌ಟಾಪ್, ಹಬ್ಬಕ್ಕೆ ಊರಿಗೆ ಹೋಗಿಬರುವ ಬಸ್ಸು. ಸ್ಕಾಲರ್‌ಶಿಪ್ ಬರುತ್ತದೆ, ಸುಳ್ಳಲ್ಲ. ಬರುವುದು ಖರ್ಚಿನ ಒಂದು ಪಾಲು, ಅದೂ ಫೀಸು ಕಟ್ಟಿ ಎಷ್ಟೋ ತಿಂಗಳಾದ ಮೇಲೆ.

ಹಾಗಾಗಿ ಕೊರತೆ ಒಂದಲ್ಲ, ಎರಡು. ಒಂದು ಮೊತ್ತದ ಕೊರತೆ: ಎಲ್ಲ ನೆರವೂ ಕೈಸೇರಿದ ಮೇಲೂ ಉಳಿಯುವ ಬಾಕಿ. ಇನ್ನೊಂದು ಹೊತ್ತಿನ ಕೊರತೆ: ದುಡ್ಡು ಬರುತ್ತದೆ, ಆದರೆ ಬೇಕಾದ ತಿಂಗಳಲ್ಲಿ ಬರುವುದಿಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಎರಡನ್ನೂ ಕಲಸಿಕೊಂಡು, ಜುಲೈ ಕೊನೆಯ ವಾರದ ಗಾಬರಿಯಲ್ಲಿ ಸಿಕ್ಕ ಕಡೆ ಕೈಸಾಲ ಮಾಡುವುದರಿಂದಲೇ ಬಹಳ ಮನೆಗಳು ಹಣ್ಣಾಗುವುದು. ಕೆಳಗಿನ ಹೆಜ್ಜೆಗಳನ್ನು ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದೇನೆ. ನರ್ಸಿಂಗ್, ಫಾರ್ಮಸಿ, ಕೃಷಿ ಪದವಿ, ಬಿ.ಎಸ್ಸಿ. ಓದುವವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಹೆಜ್ಜೆ 1: ಒಂದು ಹಾಳೆ, ಎರಡು ಕಲಂ

ಎಡಗಡೆ ಖರ್ಚು, ಬಲಗಡೆ ಬರುವ ದುಡ್ಡು. ಎರಡರ ಪಕ್ಕದಲ್ಲೂ ತಿಂಗಳು ಬರೆಯಿರಿ. ತಿಂಗಳು ಬರೆಯದ ಲೆಕ್ಕ ಈ ವಿಷಯದಲ್ಲಿ ಅರ್ಧ ಲೆಕ್ಕ.

ಲೆಕ್ಕಕ್ಕೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹಾವೇರಿ ಕಡೆಯ ರೈತರ ಮಗಳು, ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಸಿಇಟಿ ಸೀಟು. ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಕಟ್ಟುವ ಫೀಸು 1,00,000 ರೂಪಾಯಿ, ಕಾಲೇಜಿನ ಇತರೆ ಶುಲ್ಕ 20,000, ಪಿ.ಜಿ. ತಿಂಗಳಿಗೆ 8,000ದಂತೆ ಹನ್ನೊಂದು ತಿಂಗಳಿಗೆ 88,000, ಲ್ಯಾಪ್‌ಟಾಪ್ ಮತ್ತು ಪುಸ್ತಕ 45,000, ಓಡಾಟ, ಫೋನು, ಚಿಲ್ಲರೆ ಖರ್ಚು 17,000. ಒಟ್ಟು 2,70,000. ಎಲ್ಲ ಸ್ಕಾಲರ್‌ಶಿಪ್ ಸೇರಿ 50,000 ಬರಬಹುದು ಎಂದಿಟ್ಟುಕೊಂಡರೆ ಬಾಕಿ 2,20,000. ಅಂಕಿ ನಿಮ್ಮ ಮನೆಗೆ ತಕ್ಕಂತೆ ಬದಲಾಗುತ್ತದೆ. ಇದನ್ನು ಕೊನೆಯವರೆಗೂ ಇಟ್ಟುಕೊಂಡು ಹೋಗೋಣ.

ಎಡಗಡೆ ಕಲಂನಲ್ಲಿ ಜನ ಮರೆಯುವ ಬಾಬ್ತುಗಳಿವೆ. ಪಿ.ಜಿ.ಯವರು ಮೊದಲೇ ಕೇಳುವ ಅಡ್ವಾನ್ಸು, ಪರೀಕ್ಷಾ ಶುಲ್ಕ, ಲ್ಯಾಬ್ ಕೋಟು, ಡ್ರಾಯಿಂಗ್ ಸಾಮಾನು, ಕೊನೆಯ ವರ್ಷದ ಪ್ರಾಜೆಕ್ಟಿನ ಖರ್ಚು. ಕಾಲೇಜು ಕಚೇರಿಯಲ್ಲಿ ‘ನಾಲ್ಕೂ ವರ್ಷದ ಫೀ ಸ್ಟ್ರಕ್ಚರ್ ಲೆಟರ್‌ಹೆಡ್‌ನಲ್ಲಿ ಕೊಡಿ’ ಎಂದು ಕೇಳಿ ಪಡೆಯಿರಿ. ಬ್ಯಾಂಕಿನವರು ಹೇಗೂ ಕೇಳುವ ಕಾಗದವದು, ಮೊದಲೇ ಕೈಯಲ್ಲಿದ್ದರೆ ಒಳ್ಳೆಯದು. ಬಾಯಿಮಾತಿನಲ್ಲಿ ಹೇಳಿದ ಫೀಸನ್ನು ನಂಬಿ ಹೋಗಬೇಡಿ.

ಹೆಜ್ಜೆ 2: ಬಲಗಡೆಯ ಕಲಂ ತುಂಬಿಸಿ

ಮೊದಲ ಕೆಲಸ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ನೆರವಿಗೆಲ್ಲ ಅಲ್ಲಿ ಒಂದೇ ಅರ್ಜಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ಉಳಿದದ್ದನ್ನು ಪೋರ್ಟಲ್ಲೇ ಎಳೆದುಕೊಳ್ಳುತ್ತದೆ. ಆದಾಯದ ಮಿತಿ ವರ್ಗದಿಂದ ವರ್ಗಕ್ಕೆ ಬೇರೆ. ಪರಿಶಿಷ್ಟ ಜಾತಿಯವರ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಅದು ವರ್ಷಕ್ಕೆ 2.5 ಲಕ್ಷ ರೂಪಾಯಿ.

ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು, ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಎಂಜಿನಿಯರಿಂಗ್, ವೈದ್ಯಕೀಯ ಮತ್ತು ಸ್ನಾತಕೋತ್ತರ ಓದಿಗೆ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ಎಂದು ಯೋಜನೆ ಹೇಳುತ್ತದೆ. ಪಹಣಿ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿದ್ದು, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಆಗಿರಬೇಕು. ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇರುವ ಮನೆಗಳು ತೊಡಕಿಗೆ ಸಿಕ್ಕುವುದು ಇಲ್ಲಿ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿದವರ ಮಕ್ಕಳಿಗೆ ಕಾರ್ಮಿಕ ಇಲಾಖೆಯ ನೆರವು ಬೇರೆ. ಇಂಥ ಮೊತ್ತಗಳನ್ನು ಹಾಳೆಯಲ್ಲಿ ಬರೆಯುವಾಗ ಆ ವರ್ಷದ ಆದೇಶ ನೋಡಿ ಬರೆಯಿರಿ, ಪಕ್ಕದ ಮನೆಯವರಿಗೆ ಹೋದ ವರ್ಷ ಬಂದದ್ದನ್ನು ಕೇಳಿ ಅಲ್ಲ.

ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿಯಲ್ಲಿ ಎರಡು ಮುಖ್ಯ. ದ್ವಿತೀಯ ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದು, ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನ: ಮೊದಲ ಮೂರು ವರ್ಷ 12,000, ನಾಲ್ಕನೆಯ ವರ್ಷ 20,000. ಇನ್ನೊಂದು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ‘ಪ್ರಗತಿ’: ತಾಂತ್ರಿಕ ಪದವಿ, ಡಿಪ್ಲೊಮಾ ಸೇರುವ ಹುಡುಗಿಯರಿಗೆ ವರ್ಷಕ್ಕೆ 50,000, ಆದಾಯ 8 ಲಕ್ಷದೊಳಗೆ, ಒಂದು ಮನೆಯ ಇಬ್ಬರು ಹುಡುಗಿಯರವರೆಗೆ. ಅಂಗವಿಕಲ ವಿದ್ಯಾರ್ಥಿಗಳಿಗೆ ‘ಸಕ್ಷಮ’, ತಂದೆತಾಯಿ ಇಲ್ಲದವರಿಗೆ ‘ಸ್ವನಾಥ್’, ಮೊತ್ತ ಅಷ್ಟೇ.

ಎಲ್ಲವನ್ನೂ ಕೂಡಿಸಿ ಖುಷಿಪಡುವ ಮೊದಲು ಒಂದು ಮಾತು. ಸರ್ಕಾರದ ಒಂದು ಸ್ಕಾಲರ್‌ಶಿಪ್ ತೆಗೆದುಕೊಂಡರೆ ಇನ್ನೊಂದು ಸಿಗದು ಎಂಬ ಷರತ್ತು ಬಹಳ ಕಡೆ ಇದೆ, ಪ್ರಗತಿಯಲ್ಲೂ ಇದೆ. ಎರಡಕ್ಕೂ ಅರ್ಹರಿದ್ದರೆ ದೊಡ್ಡದನ್ನು ಹಿಡಿಯಿರಿ. ಹಾಳೆಯಲ್ಲಿ ಒಂದನ್ನೇ ಬರೆಯಿರಿ.

ಇನ್ನು ಸಿಇಟಿ ಅರ್ಜಿ ಹಾಕುವ ಹಂತದಲ್ಲೇ ನೋಡಬೇಕಾದದ್ದು ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ. ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮನ್ನಾ, ಆದಾಯ ಮಿತಿ 8 ಲಕ್ಷ. ಯಾವ ವರ್ಗದವರಾದರೂ ಕೇಳಬಹುದು, ಆದರೆ ಅರ್ಜಿಯಲ್ಲೇ ಕೇಳಿರಬೇಕು, ಆದಾಯ ಪ್ರಮಾಣಪತ್ರವೂ ಆಗ ಇರಬೇಕು. ‘ನಾವು ಜನರಲ್ಲು, ನಮಗೇನೂ ಇಲ್ಲ’ ಎಂದು ನಾಡಕಚೇರಿಯ ಕಡೆ ತಲೆಯೇ ಹಾಕದ ಮನೆಗಳಿಗೆ ತಪ್ಪಿಹೋಗುವ ಸೌಲಭ್ಯ ಇದು. ಬೋಧನಾ ಶುಲ್ಕ ಮಾತ್ರ ಮನ್ನಾ. ವಿಶ್ವವಿದ್ಯಾಲಯದ ಶುಲ್ಕ, ಇತರೆ ಶುಲ್ಕ ಕಟ್ಟಲೇಬೇಕು.

ಹೆಜ್ಜೆ 3: ದುಡ್ಡು ದಾರಿ ತಪ್ಪದಂತೆ ನೋಡಿಕೊಳ್ಳಿ

ಮಂಜೂರಾದ ಸ್ಕಾಲರ್‌ಶಿಪ್ ಖಾತೆಗೆ ಬಾರದೆ ನಿಲ್ಲುವುದಕ್ಕೆ ಕಾರಣ ಹುಡುಕುತ್ತ ಹೋದರೆ ಮತ್ತೆ ಮತ್ತೆ ಸಿಗುವುದು ಎರಡು ಸಣ್ಣ ಸಂಗತಿ. ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಇದನ್ನು ಸರಿಪಡಿಸಲು ಬೇಕಿರುವುದು ಒಂದು ಬೆಳಗ್ಗೆ, ಕಳೆದುಕೊಳ್ಳುವುದು ಒಂದು ವರ್ಷದ ನೆರವು.

ಒಂದನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ’, ಆಧಾರ್‌ನಲ್ಲಿ ‘ಬಿ ಮಂಜುನಾಥ’, ಬ್ಯಾಂಕಿನಲ್ಲಿ ‘ಮಂಜುನಾಥ ಬಸಪ್ಪ’, ಆದಾಯ ಪ್ರಮಾಣಪತ್ರದಲ್ಲಿ ‘ಮಂಜು’. ನಮಗೆ ಎಲ್ಲ ಒಬ್ಬನೇ. ಕಂಪ್ಯೂಟರಿಗೆ ನಾಲ್ಕು ಜನ. ಅಂಕಪಟ್ಟಿಯ ಹೆಸರನ್ನು ಮೂಲವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುವುದು ಸುಲಭ, ಅಂಕಪಟ್ಟಿ ತಿದ್ದುವುದು ಪ್ರಾಣಸಂಕಟ. ಪಿಯುಸಿ ಎರಡನೆಯ ವರ್ಷದಲ್ಲಿರುವಾಗಲೇ ಈ ಕೆಲಸ ಮುಗಿಸಿ.

ಎರಡನೆಯದು ಖಾತೆ. ನೇರ ನಗದು ವರ್ಗಾವಣೆಯ (ಡಿಬಿಟಿ) ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಬ್ಯಾಂಕುಗಳ ನಡುವೆ ಹಣ ದಾಟಿಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹುಡುಗರು ಬೆಂಗಳೂರಿಗೆ ಬಂದು ಹೊಸ ಸಿಮ್ ತಗೊಳ್ಳುವಾಗ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿರುತ್ತಾರೆ, ಜೊತೆಗೊಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ತೆರೆದಿರುತ್ತದೆ, ಆಧಾರ್ ಅಲ್ಲಿಗೆ ಅಂಟಿಕೊಂಡಿರುತ್ತದೆ. ಸ್ಕಾಲರ್‌ಶಿಪ್ ಅಲ್ಲಿ ಹೋಗಿ ಕೂತಿರುತ್ತದೆ, ಇವರು ಊರಿನ ಬ್ಯಾಂಕಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುತ್ತ ಕಾಯುತ್ತಾರೆ. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬ ಕಡೆ ಒಟಿಪಿ ಹಾಕಿ ನೋಡಿದರೆ ಯಾವ ಬ್ಯಾಂಕು ಎಂದು ತೋರಿಸುತ್ತದೆ. ಬೇರೆ ಬ್ಯಾಂಕು ಬಂದರೆ, ನಿಮಗೆ ಬೇಕಾದ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಅರ್ಜಿ ಕೊಡಿ. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿದರೆ ಸುಮ್ಮನೆ ಬರಬೇಡಿ. ಲಿಂಕ್ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ರಾಜ್ಯ ಸರ್ಕಾರದ ಯಾವ ದುಡ್ಡು ಯಾವ ಖಾತೆಗೆ ಯಾವಾಗ ಬಂತೆಂಬುದು ಮೊಬೈಲಿನಲ್ಲೇ ಕಾಣುತ್ತದೆ.

ಇಷ್ಟಾದ ಮೇಲೆ ಎಸ್‌ಎಸ್‌ಪಿಯಲ್ಲಿ ದಾಖಲೆಗಳ ಇ-ದೃಢೀಕರಣ ಆಗಬೇಕು. ಅದು ಕಾಲೇಜಿನ ನೋಡಲ್ ಅಧಿಕಾರಿಯ ಕೈಯಲ್ಲಿದೆ. ಕೊನೆಯ ದಿನದ ಹಿಂದಿನ ವಾರ ಆ ಮೇಜಿನ ಮುಂದೆ ಬಸ್ ಸ್ಟ್ಯಾಂಡಿನಷ್ಟು ಜನ. ಮೊದಲೇ ಹೋಗಿ.

ಒಂದು ಎಚ್ಚರಿಕೆ: ಶುಲ್ಕ ಮರುಪಾವತಿಯ ದುಡ್ಡು ವಿದ್ಯಾರ್ಥಿಯ ಖಾತೆಗೇ ಬಂದರೆ ಅದು ಕಾಲೇಜಿಗೆ ಸೇರಬೇಕಾದ ಹಣ. ಅದರಲ್ಲಿ ಫೋನು ಕೊಂಡವರು ಪರೀಕ್ಷೆ ಹೊತ್ತಿಗೆ ಹಾಲ್‌ಟಿಕೆಟ್‌ಗಾಗಿ ಅಲೆಯುತ್ತಾರೆ.

ಹೆಜ್ಜೆ 4: ಊಟ, ವಸತಿ ಖರ್ಚಿಗೆ ಕೈ ಹಾಕಿ

ಕೊರತೆ ತುಂಬಿಸುವುದು ಅಂದರೆ ದುಡ್ಡು ತರುವುದು ಮಾತ್ರವಲ್ಲ, ಖರ್ಚನ್ನು ಇಳಿಸುವುದೂ ಹೌದು. ಫೀಸಿನಲ್ಲಿ ಚೌಕಾಸಿ ನಡೆಯುವುದಿಲ್ಲ. ನಡೆಯುವುದು ಊಟ, ವಸತಿಯಲ್ಲಿ. ನಮ್ಮ ಹಿಂದಿನ ತಲೆಮಾರು ವಾರಾನ್ನ ಉಂಡು, ಛತ್ರದಲ್ಲಿ ಮಲಗಿ ಓದಿದ್ದು ಇದೇ ಲೆಕ್ಕದಿಂದ. ದಾನಿ ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯದಂಥವು ಹುಟ್ಟಿದ್ದೂ ಹಳ್ಳಿಯ ಹುಡುಗರಿಗೆ ಪೇಟೆಯಲ್ಲಿ ತಲೆಯ ಮೇಲೊಂದು ಸೂರು ಬೇಕಿತ್ತೆಂದು.

ಈಗ ಅದರ ಜಾಗದಲ್ಲಿ ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ: ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯದು, ಅಲ್ಪಸಂಖ್ಯಾತರದು. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್ ಎಸ್‌ಎಚ್‌ಪಿಯಲ್ಲಿ. ಊಟ, ವಸತಿ ಎರಡೂ ಉಚಿತ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಪೈಪೋಟಿ ಜೋರು, ಮೊದಲ ಪಟ್ಟಿಯಲ್ಲಿ ಹೆಸರು ಬಾರದೆ ಹೋಗಬಹುದು. ಬಿಟ್ಟುಹೋದವರ ಜಾಗಕ್ಕೆ ಮುಂದಿನ ಪಟ್ಟಿ ಬರುತ್ತದೆ, ಹಾಗಾಗಿ ತಾಲ್ಲೂಕು ಕಚೇರಿಯ ಅಧಿಕಾರಿಯನ್ನು, ಹಾಸ್ಟೆಲ್ ವಾರ್ಡನ್ನರನ್ನು ವಾರಕ್ಕೊಮ್ಮೆ ಕೇಳುತ್ತಿರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ ಇದೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳು ಎಂದು ಶುರುವಾದ ಯೋಜನೆ. ಬೆಂಗಳೂರಿನ ಪಿ.ಜಿ. ಬಾಡಿಗೆಯ ಮುಂದೆ ಅದು ಅರೆಕಾಸಿನ ಮಜ್ಜಿಗೆ, ಆದರೂ ವರ್ಷಕ್ಕೆ 15,000 ಬಿಡುವ ಮೊತ್ತವಲ್ಲ.

ಸರ್ಕಾರಿ ಹಾಸ್ಟೆಲ್‌ಗೆ ಅರ್ಹತೆ ಇಲ್ಲದವರು ಜಾತಿ ಸಂಘಗಳ, ಮಠಗಳ, ಟ್ರಸ್ಟುಗಳ ವಿದ್ಯಾರ್ಥಿನಿಲಯಗಳನ್ನು ವಿಚಾರಿಸಬೇಕು. ಇವುಗಳಲ್ಲಿ ಹಲವು ಜಾಹೀರಾತು ಕೊಡುವುದಿಲ್ಲ. ಪತ್ರ, ಅಂಕಪಟ್ಟಿ ಹಿಡಿದು ಹೋಗಬೇಕು. ಊರಿನ ಯಾರಾದರೂ ಅಲ್ಲಿದ್ದು ಓದಿದ್ದರೆ ಅವರ ಒಂದು ಮಾತು ಕೆಲಸ ಮಾಡುತ್ತದೆ. ಇದರಲ್ಲಿ ಸಂಕೋಚ ಬೇಡ.

ಓಡಾಟದ ವಿಷಯ ಬೇಗ ಮುಗಿಸೋಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸ್, ಅರ್ಜಿ ಸೇವಾ ಸಿಂಧುವಿನಲ್ಲಿ. ಲ್ಯಾಪ್‌ಟಾಪ್ ಮೊದಲ ದಿನವೇ ಬೇಡ. ಮೊದಲ ಸೆಮಿಸ್ಟರ್ ಕಾಲೇಜಿನ ಲ್ಯಾಬಿನಲ್ಲಿ ಕಳೆಯಬಹುದು, ಆಮೇಲೆ ಸೀನಿಯರ್‌ಗಳಿಂದಲೋ ರಿಫರ್ಬಿಶ್ಡ್ ಮಾರುವ ಅಂಗಡಿಯಿಂದಲೋ ಅರ್ಧ ಬೆಲೆಗೆ ಸಿಗುತ್ತದೆ. ಪುಸ್ತಕಕ್ಕೂ ಸೀನಿಯರ್‌ಗಳೇ ಗತಿ.

ನಮ್ಮ ಹಾವೇರಿಯ ಹುಡುಗಿಗೆ ಹಾಸ್ಟೆಲ್ ಸಿಕ್ಕಿತು ಎಂದುಕೊಳ್ಳಿ. 88,000 ಹೋಗಿ ಸೋಪು, ಪೇಸ್ಟು, ಸಂಜೆಯ ತಿಂಡಿಗೆಂದು 10,000 ಉಳಿಯಿತು. ಲ್ಯಾಪ್‌ಟಾಪ್ ಬಾಬ್ತು 45,000ದಿಂದ 25,000ಕ್ಕೆ ಇಳಿಯಿತು. ಬಸ್ಸಿನಲ್ಲಿ 2,000 ಉಳಿಯಿತು. ಬಾಕಿ 2,20,000 ಇದ್ದದ್ದು 1,20,000ಕ್ಕೆ ಬಂತು, ಒಂದು ರೂಪಾಯಿ ಸಾಲ ಮಾಡದೆ.

ಹೆಜ್ಜೆ 5: ಖಾಸಗಿ ನೆರವು

ಇಲ್ಲಿ ತಪ್ಪುವುದು ಅರ್ಹತೆಯಿಂದಲ್ಲ, ದಿನಾಂಕದಿಂದ. ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿ, ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ, ಓದು ಮುಗಿಯುವವರೆಗೆ. ಅಂಕದ ಪೈಪೋಟಿಗಿಂತ ಓದಿದ ಶಾಲೆಯೇ ಇಲ್ಲಿ ಮುಖ್ಯ, ಆದ್ದರಿಂದ ಹಳ್ಳಿಯ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ನನಗೆ ಕಾಣುತ್ತಿಲ್ಲ. ಇನ್ಫೊಸಿಸ್ ಫೌಂಡೇಶನ್ನಿನ ಸ್ಟೆಮ್ ಸ್ಟಾರ್ಸ್ ಕೂಡ ಹುಡುಗಿಯರಿಗೆ: ವರ್ಷಕ್ಕೆ 1 ಲಕ್ಷದವರೆಗೆ, ಆದಾಯ 8 ಲಕ್ಷದೊಳಗೆ, ಕಾಲೇಜಿನ ಮೇಲೆ ಷರತ್ತಿದೆ. ರಿಲಯನ್ಸ್ ಫೌಂಡೇಶನ್ ಪದವಿಯ ಮೊದಲ ವರ್ಷದವರಿಗೆ ಆನ್‌ಲೈನ್ ಪರೀಕ್ಷೆ ನಡೆಸಿ ಇಡೀ ಓದಿಗೆ 2 ಲಕ್ಷದವರೆಗೆ ಕೊಡುತ್ತದೆ. ‘ವಿದ್ಯಾಧನ’ ಎಂಬ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಅರ್ಜಿ ಹಾಕಬೇಕು, ಹಾಗಾಗಿ ಇದನ್ನು ಓದುವವರ ಮನೆಯಲ್ಲಿ ಹತ್ತನೆಯ ತರಗತಿಯ ತಂಗಿ, ತಮ್ಮ ಇದ್ದರೆ ಅವರಿಗೆ ಹೇಳಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿ ಅಮ್ಮ ಸದಸ್ಯೆಯಾಗಿದ್ದರೆ ‘ಸುಜ್ಞಾನನಿಧಿ’ ವಿಚಾರಿಸಿ. ಅಪ್ಪ ಕೆಲಸ ಮಾಡುವ ಕಾರ್ಖಾನೆ, ಹಾಲಿನ ಸೊಸೈಟಿ, ಊರಿನ ಸಹಕಾರ ಸಂಘದವರೂ ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವುದುಂಟು; ಮೊತ್ತ ಸಣ್ಣದು, ಪರೀಕ್ಷಾ ಶುಲ್ಕಕ್ಕಾದರೂ ಆದೀತು.

‘ಪ್ರೊಸೆಸಿಂಗ್ ಫೀ ಕಟ್ಟಿ, ಸ್ಕಾಲರ್‌ಶಿಪ್ ಮಂಜೂರು ಮಾಡಿಸುತ್ತೇವೆ’ ಎಂದು ಯಾರಾದರೂ ಫೋನು ಮಾಡಿದರೆ ಅದು ಮೋಸ. ಒಟಿಪಿ ಹೇಳಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೆಜ್ಜೆ 6: ಕಾಲೇಜಿನವರ ಹತ್ತಿರ ಮಾತಾಡಿ

ಇತರೆ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ಬರಹದಲ್ಲಿ ಅರ್ಜಿ ಕೊಡಿ. ಎಸ್‌ಎಸ್‌ಪಿ ಸ್ವೀಕೃತಿ, ಬ್ಯಾಂಕ್ ಸಾಲದ ಅರ್ಜಿಯ ಪ್ರತಿ ಲಗತ್ತಿಸಿ. ‘ಕಟ್ಟುವುದಿಲ್ಲ’ ಎನ್ನುವವರಿಗೂ, ‘ಫೆಬ್ರುವರಿಯಲ್ಲಿ ಇಷ್ಟು ಬರುತ್ತದೆ, ಆಗ ಇಷ್ಟು ಕಟ್ಟುತ್ತೇವೆ’ ಎಂದು ತಾರೀಕು ಹೇಳುವವರಿಗೂ ಕಚೇರಿಯಲ್ಲಿ ಸಿಗುವ ಮರ್ಯಾದೆ ಬೇರೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತೆಗೆದುಕೊಳ್ಳಿ. ರಸೀದಿ ಕೊಡದ ಶುಲ್ಕವನ್ನು ಬ್ಯಾಂಕು ಸಾಲದಲ್ಲಿ ಸೇರಿಸುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವುದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. ನಿಗದಿಗಿಂತ ಹೆಚ್ಚು ಕೇಳಿದರೆ ಪರೀಕ್ಷಾ ಪ್ರಾಧಿಕಾರಕ್ಕೆ, ಶುಲ್ಕ ನಿಯಂತ್ರಣ ಸಮಿತಿಗೆ ದೂರು ಕೊಡಬಹುದು.

ಹೆಜ್ಜೆ 7: ಹೊತ್ತಿನ ಕೊರತೆಗೆ ಸಣ್ಣ ಸಾಲ

ಈಗ ಹಾಳೆಯ ತಿಂಗಳುಗಳನ್ನು ನೋಡಿ. ಫೀಸು ಕಟ್ಟುವುದು ಜುಲೈ, ಆಗಸ್ಟ್‌ನಲ್ಲಿ. ಸ್ಕಾಲರ್‌ಶಿಪ್ಪಿನ 50,000 ಬರುವುದು ಮುಂದಿನ ಮಾರ್ಚಿಗೆ ಎಂದಿಟ್ಟುಕೊಳ್ಳಿ. ಎಂಟು ತಿಂಗಳಿಗೆ 50,000 ಬೇಕು, ಅಷ್ಟೇ. ಇದಕ್ಕೆ ನಾಲ್ಕು ವರ್ಷದ ಸಾಲ ಮಾಡಬೇಕಿಲ್ಲ, ಎಕರೆ ಮಾರಬೇಕಿಲ್ಲ.

ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ಎಂಟು ತಿಂಗಳಿಗೆ ಬಡ್ಡಿ 12,000. ಅದೇ ಮೊತ್ತಕ್ಕೆ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ವರ್ಷಕ್ಕೆ ಶೇ 10ರ ಬಡ್ಡಿ ಆದರೆ 3,300ರ ಆಸುಪಾಸು. ಮೀಟರ್ ಬಡ್ಡಿಯ ಮಾತು ಬಿಡಿ. ಅಮ್ಮನ ಬಳೆ ಬ್ಯಾಂಕಿಗೆ ಹೋಗುವುದು ಮನಸ್ಸಿಗೆ ಚುಚ್ಚುತ್ತದೆ, ಒಪ್ಪುತ್ತೇನೆ. ಆದರೆ ಕೈಸಾಲಕ್ಕೆ ಕೊಟ್ಟ ಬಡ್ಡಿ ಮರಳಿ ಬರುವುದಿಲ್ಲ, ಬಳೆ ಮಾರ್ಚಿನಲ್ಲಿ ಮರಳಿ ಬರುತ್ತದೆ. ಸ್ವಸಹಾಯ ಸಂಘದ ಸಾಲ, ಸಹಕಾರ ಸಂಘದ ಸಾಲ, ಅಪ್ಪನ ಪಿ.ಎಫ್. ಮುಂಗಡ ಇವೂ ಆಗುತ್ತವೆ. ಐದು ನಿಮಿಷದಲ್ಲಿ ಸಾಲ ಕೊಡುವ ಮೊಬೈಲ್ ಆ್ಯಪ್‌ಗಳ ಕಡೆ ಹೋಗಲೇಬೇಡಿ, ವಿದ್ಯಾರ್ಥಿಯ ಹೆಸರಿನಲ್ಲಂತೂ ಬೇಡ. ಸ್ಕಾಲರ್‌ಶಿಪ್ ಬಂದ ದಿನ ಈ ಸಾಲ ತೀರಿಸಬೇಕು. ಬೇರೆ ಖರ್ಚಿಗೆ ತಿರುಗಿಸಿದರೆ ಹೊತ್ತಿನ ಕೊರತೆ ಮೊತ್ತದ ಕೊರತೆಯಾಗಿ ಕೂತುಬಿಡುತ್ತದೆ.

ಹೆಜ್ಜೆ 8: ಮೊತ್ತದ ಕೊರತೆಗೆ ಶಿಕ್ಷಣ ಸಾಲ

ಮೊದಲು ಕೇಳಬೇಕಾದದ್ದು ‘ಅರಿವು’ ಸಾಲ. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮ, ಅಲ್ಪಸಂಖ್ಯಾತರ ನಿಗಮ ಮತ್ತು ಹಲವು ಸಮುದಾಯಗಳ ಅಭಿವೃದ್ಧಿ ನಿಗಮಗಳಲ್ಲಿ ಇದಿದೆ. ಅರಸು ನಿಗಮದಲ್ಲಿ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ 2. ಯಾವ ಬ್ಯಾಂಕೂ ಈ ದರಕ್ಕೆ ಕೊಡುವುದಿಲ್ಲ. ತೊಂದರೆ ಅಂದರೆ ಅರ್ಜಿ ಕರೆಯುವ ಸಮಯ ನಿಮ್ಮ ಫೀಸಿನ ತಾರೀಕಿಗೆ ಹೊಂದಿಬರುವುದಿಲ್ಲ, ಅನುದಾನವೂ ಸೀಮಿತ. ಆದ್ದರಿಂದ ಅರ್ಜಿ ಹಾಕಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಎರಡನೆಯ ವರ್ಷದ ಕಂತಿಗೆ ಹಿಂದಿನ ಸಾಲದಲ್ಲಿ ಏನಾದರೂ ಕಟ್ಟಬೇಕೇ ಎಂದು ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಬ್ಯಾಂಕ್ ಸಾಲದಲ್ಲಿ ತಿಳಿದಿರಬೇಕಾದ ಗೆರೆಗಳು ಎರಡು: 4 ಲಕ್ಷ, 7.5 ಲಕ್ಷ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ನಮ್ಮ ಪಾಲೆಂದು ಕೈಯಿಂದ ಹಾಕುವ ಮಾರ್ಜಿನ್ನೂ ಬೇಡ. ತಂದೆ ಅಥವಾ ತಾಯಿ ಸಹ-ಸಾಲಗಾರರಾದರೆ ಸಾಕು. 7.5 ಲಕ್ಷ ದಾಟಿದರೆ ಆಸ್ತಿಯ ಭದ್ರತೆ ಕೇಳುತ್ತಾರೆ. ಫೀಸಷ್ಟೇ ಅಲ್ಲ, ಹಾಸ್ಟೆಲ್, ಪುಸ್ತಕ, ಕಂಪ್ಯೂಟರ್‌ಗೂ ಸಾಲ ಸಿಗುತ್ತದೆ, ಕೇಳಿದರೆ. ಓದಿನ ಅವಧಿ ಮತ್ತು ಅದರ ಮೇಲೊಂದು ವರ್ಷ ಕಂತಿಲ್ಲ.

ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಕಾಲೇಜುಗಳ ರಾಷ್ಟ್ರೀಯ ಶ್ರೇಯಾಂಕ ಎನ್‌ಐಆರ್‌ಎಫ್‌ನ ಮೇಲೆ ಆಯ್ದ ಕಾಲೇಜುಗಳಿಗೆ (ಶುರುವಿನಲ್ಲಿ 860) ಅಡಮಾನ, ಜಾಮೀನು ಇಲ್ಲದೆ ಸಾಲ. ಮನೆಯ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ ಶೇ 3 ಬಡ್ಡಿ ರಿಯಾಯಿತಿ. ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದುವವರಿಗೆ ಆ ಅವಧಿಯ ಪೂರ್ತಿ ಬಡ್ಡಿಯನ್ನೇ ಸರ್ಕಾರ ಭರಿಸುವ ಯೋಜನೆ ಮೊದಲಿಂದಲೂ ಇದೆ. ಬ್ಯಾಂಕಿನವರು ತಾವಾಗಿ ಹೇಳುತ್ತಾರೆಂದು ಕಾಯಬೇಡಿ. ಸಾಲದ ಅರ್ಜಿಯ ಜೊತೆಗೇ ಆದಾಯ ಪ್ರಮಾಣಪತ್ರ ಕೊಟ್ಟು, ‘ಬಡ್ಡಿ ಸಬ್ಸಿಡಿಗೆ ನಮೂದಿಸಿ’ ಎಂದು ಬರೆದುಕೊಡಿ.

ಈ ಸಬ್ಸಿಡಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋಣ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಶೇ 10ರ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಕಂತು ಶುರುವಾಗುವ ದಿನ 4 ಲಕ್ಷ ಹೋಗಿ 5.4 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು 7,100ರ ಸುಮಾರು. ಬಡ್ಡಿ ಬೆಳೆಯದಂತೆ ನೋಡಿಕೊಂಡರೆ 5,300. ಸಬ್ಸಿಡಿ ಸಿಗದವರು ಓದುವಾಗಲೇ ಬಡ್ಡಿಯಷ್ಟನ್ನು ಕಟ್ಟುತ್ತ ಹೋಗಬಹುದು: ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ನಾಲ್ಕನೆಯ ವರ್ಷ 3,333. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ 1 ಕಡಿತ ಕೊಡುವ ಬ್ಯಾಂಕುಗಳಿವೆ, ಕೇಳಿ.

ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ‘ನಿಮ್ಮ ಊರು ನಮ್ಮ ಶಾಖೆಗೆ ಬರಲ್ಲ’ ಎಂಬ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಇಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರರನ್ನು ಕಾಣಿ. ಹಳೆಯ ಬೆಳೆಸಾಲ, ಬೈಕ್ ಸಾಲದ ಕಂತು ತಪ್ಪಿ ಅಪ್ಪನ ಸಿಬಿಲ್ ಅಂಕ ಕೆಟ್ಟಿದ್ದರೆ ಅಮ್ಮನನ್ನು ಸಹ-ಸಾಲಗಾರರನ್ನಾಗಿ ಮಾಡಬಹುದೇ ಎಂದು ವಿಚಾರಿಸಿ. ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ ಹೊತ್ತಿಗೇ ಬ್ಯಾಂಕಿಗೆ ಒಂದು ಸಲ ಹೋಗಿ ಬನ್ನಿ. ಸೀಟು ಹಂಚಿಕೆಯಾದ ಮೇಲೆ ಫೀಸು ಕಟ್ಟಲು ಕೊಡುವ ದಿನಗಳಲ್ಲಿ ಯಾವ ಬ್ಯಾಂಕೂ ಸಾಲ ಮಂಜೂರು ಮಾಡಿ ಮುಗಿಸುವುದಿಲ್ಲ.

ನಮ್ಮ ಹುಡುಗಿಯ 1,20,000ದಲ್ಲಿ 1,00,000 ಹೀಗೆ ಸಾಲವಾಯಿತು. ಉಳಿದ 20,000 ಖಾಸಗಿ ಸ್ಕಾಲರ್‌ಶಿಪ್ ಬಂದರೆ ಅದರಿಂದ, ಇಲ್ಲದಿದ್ದರೆ ಹೊಲದಿಂದ.

ಹೆಜ್ಜೆ 9: ಲೆಕ್ಕ ಕೂಡಿಬರದಿದ್ದರೆ

ಆಪ್ಷನ್ ಎಂಟ್ರಿಯ ಪಟ್ಟಿಯನ್ನೇ ಬದಲಿಸಿ. ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇದೆ, 1917ರಿಂದ. ಹಾಸನ, ಹಾವೇರಿ, ಚಾಮರಾಜನಗರ, ರಾಮನಗರ, ಕೆ.ಆರ್. ಪೇಟೆ, ಕಾರವಾರಗಳಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಫೀಸು ಖಾಸಗಿಯ ಸರ್ಕಾರಿ ಸೀಟಿಗಿಂತಲೂ ಕಡಿಮೆ, ಬೆಂಗಳೂರು ಬಿಟ್ಟರೆ ಊರೂ ಅಗ್ಗ. ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರುವ ಮನೆಗಳಿಗೆ ನಾನು ಹೇಳುವುದು ಇಷ್ಟೇ: ಆ ಸೀಟಿಗೆ ಈ ಮೇಲಿನ ನೆರವುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ, ಡೊನೇಶನ್ನಿಗೆ ರಸೀದಿಯೂ ಇಲ್ಲ, ರಸೀದಿ ಇಲ್ಲದ್ದಕ್ಕೆ ಸಾಲವೂ ಇಲ್ಲ. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿರುವ ಮನೆಯವರು ಡಿಪ್ಲೊಮಾ ದಾರಿಯನ್ನು ನೋಡಲಿ: ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ಆಮೇಲೆ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಬಿ.ಇ. ಎರಡನೆಯ ವರ್ಷಕ್ಕೆ. ಒಂದು ವರ್ಷದ ದೊಡ್ಡ ಖರ್ಚು ಅಲ್ಲೇ ಉಳಿಯಿತು, ನಡುವೆ ಕೆಲಸ ಸಿಕ್ಕರೆ ಅದೂ ಆಯಿತು.

ಹೆಜ್ಜೆ 10: ಎರಡನೆಯ ವರ್ಷ

ಮೊದಲ ವರ್ಷ ಅಚ್ಚುಕಟ್ಟಾಗಿ ನಡೆಸಿದವರೂ ಎರಡನೆಯ ವರ್ಷ ಎಡವುತ್ತಾರೆ, ಏಕೆಂದರೆ ಎಲ್ಲವನ್ನೂ ನವೀಕರಿಸಬೇಕು. ಎಸ್‌ಎಸ್‌ಪಿ, ಎನ್‌ಎಸ್‌ಪಿ, ಹಾಸ್ಟೆಲ್, ಬಸ್ ಪಾಸ್ ನಾಲ್ಕಕ್ಕೂ ಮತ್ತೆ ಅರ್ಜಿ. ಕೇಂದ್ರ ವಲಯದ ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕವನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಬ್ಯಾಂಕು ಎರಡನೆಯ ವರ್ಷದ ದುಡ್ಡನ್ನು ತಾನಾಗಿ ಕಾಲೇಜಿಗೆ ಕಳಿಸುವುದಿಲ್ಲ. ಮೊದಲ ವರ್ಷದ ಅಂಕಪಟ್ಟಿ, ಕಾಲೇಜಿನ ಡಿಮ್ಯಾಂಡ್ ಲೆಟರ್, ಹಿಂದಿನ ರಸೀದಿಗಳು ಮೂರನ್ನೂ ಶಾಖೆಗೆ ತಲುಪಿಸಬೇಕು. ವಿಶ್ವವಿದ್ಯಾಲಯದ ಫಲಿತಾಂಶ ತಡವಾಗಿದ್ದರೆ, ‘ಫಲಿತಾಂಶ ಬಾಕಿ ಇದೆ, ತರಗತಿ ಶುರುವಾಗಿದೆ’ ಎಂದು ಕಾಲೇಜಿನಿಂದ ಒಂದು ಪತ್ರ ಬರೆಸಿಕೊಂಡು ಹೋಗಿ.